ಸೀಟು ಕೊಟ್ರೆ ಸಾಕಾ? ಕುದ್ಮುಲ್ ರಂಗರಾಯರ ಕತೆ

ಮಂಗಳೂರಿಗೆ ಹೋದವರು ಅಲ್ಲಿನ ಪುರಭವನ ನೋಡಿರ್ತೀರಿ. ಅದಕ್ಕೆ ಇಟ್ಟಿರೋದು ಕುದ್ಮುಲ್ ರಂಗರಾವ್ ಅವರ ಹೆಸರು. ನಮ್ಮಲ್ಲಿ ಬಹಳ ಜನರಿಗೆ ಅದು ಬರೀ ಬೋರ್ಡಿನ ಮೇಲಿನ ಹೆಸರು. ಈ ಸಲ ಆ ಮನುಷ್ಯರ ಕತೆ ಓದೋಣ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಹದಿಹರೆಯದಲ್ಲೇ ತಂದೆ ತೀರಿಕೊಂಡರು, ಮನೆಯ ಭಾರ ಹೆಗಲಿಗೆ ಬಂತು. ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದು ಮೇಷ್ಟ್ರಾದರು. ಆಮೇಲೆ ಓದಿ ವಕೀಲರಾದರು. ಬಡವರ ಪರ ನಿಲ್ಲೋ ವಕೀಲರು ಅಂತ ಹೆಸರೂ ಬಂತು. ಅಲ್ಲಿಗೇ ನಿಂತಿದ್ದರೆ ಆರಾಮದ ಬದುಕು.

ಆದರೆ ಅವರು ನಿಲ್ಲಲಿಲ್ಲ. ಅಸ್ಪೃಶ್ಯರೆಂದು ಊರು ದೂರವಿಟ್ಟಿದ್ದ ಜನರ ಮಕ್ಕಳಿಗೆ ಆಗ ಬೇರೆ ಮಕ್ಕಳ ಪಕ್ಕ ಕೂತು ಕಲಿಯುವ ದಾರಿ ಇರಲಿಲ್ಲ. ರಂಗರಾಯರು ಅವರಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು.

ಅಸಲಿ ಕಷ್ಟ ಶುರುವಾಗಿದ್ದು ಶಾಲೆ ತೆರೆದ ಮೇಲೆ. ಮೇಲ್ಜಾತಿಯ ಮೇಷ್ಟ್ರುಗಳು ಆ ಮಕ್ಕಳಿಗೆ ಕಲಿಸಲು ಒಪ್ಪಲಿಲ್ಲ. ರಾಯರು ಕ್ರೈಸ್ತ ಶಿಕ್ಷಕರನ್ನು ಕರೆತಂದರು. ಮಕ್ಕಳು ಬಂದರಾ? ಅದೂ ಸುಲಭವಿರಲಿಲ್ಲ. ಕೂಲಿಯ ಮನೆಯಲ್ಲಿ ಮಗುವೂ ದುಡಿಯುವ ಕೈ. ಅದಕ್ಕೇ ಶಾಲೆಗೆ ಬಂದವರಿಗೆ ಮಧ್ಯಾಹ್ನದ ಊಟ ಹಾಕಿದರು, ದಿನಕ್ಕಿಷ್ಟು ಅಂತ ಕಾಸೂ ಕೊಟ್ಟರು. ಅಕ್ಷರ ಕಲಿತವರಿಗೆ ಕೆಲಸ ಬೇಕಲ್ಲ? ನೇಯ್ಗೆ, ಮರಗೆಲಸ ಕಲಿಸಿದರು. ಉಳಿಯಲು ಜಾಗವಿಲ್ಲದ ಮಕ್ಕಳಿಗೆ ಹಾಸ್ಟೆಲ್ ಆಯಿತು. ಭೂಮಿಯೇ ಇಲ್ಲದ ಕುಟುಂಬಗಳಿಗೆ ನಿವೇಶನ ಕೊಡಿಸಿ ಕಾಲೊನಿ ಮಾಡಿಸಿದರು. ಒಂದು ಗಂಟು ಬಿಚ್ಚಿದರೆ ಇನ್ನೊಂದು. ಮಗು ಶಾಲೆ ಬಿಟ್ಟಿತು ಅಂದಾಗ ರಾಯರು ಮಗುವನ್ನು ಬೈಯಲಿಲ್ಲ, ಯಾಕೆ ಬಿಟ್ಟಿತು ಅಂತ ಹುಡುಕಿದರು.

ಇದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು. ಆದರೂ ಹೆಜ್ಜೆ ಹಿಂದಿಡಲಿಲ್ಲ. ಮಗಳು ರಾಧಾಬಾಯಿಯನ್ನೂ ಓದಿಸಿದರು. ಮುಂದೆ ರಾಧಾಬಾಯಿ ಸುಬ್ಬರಾಯನ್ ಆಗಿ ಆಕೆ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. 1927ರಲ್ಲಿ ಸನ್ಯಾಸ ತೆಗೆದುಕೊಂಡ ರಾಯರು 1928ರ ಜನವರಿ 30ರಂದು ತೀರಿಕೊಂಡರು. ಆರು ವರ್ಷದ ನಂತರ ಮಂಗಳೂರಿಗೆ ಬಂದ ಗಾಂಧೀಜಿ ಮಿಷನ್ನಿನ ಕೆಲಸ ನೋಡಿ ಮೆಚ್ಚಿದರು.

ರಾಯರಿಗೊಂದು ಆಸೆಯಿತ್ತು. ತಮ್ಮ ಶಾಲೆಯಲ್ಲಿ ಕಲಿತ ಮಕ್ಕಳು ದೊಡ್ಡ ಹುದ್ದೆಗೇರಿ ಊರ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಚಕ್ರದ ಧೂಳು ತಮ್ಮ ತಲೆಗೆ ತಾಗಬೇಕು, ಆಗಲೇ ತಮ್ಮ ಜನ್ಮ ಸಾರ್ಥಕ. ಅವರ ಸಮಾಧಿಯ ಮೇಲೆ ಇದನ್ನೇ ಬರೆದಿದ್ದಾರೆ.

ನಮ್ಮ ಕ್ಯಾಂಪಸ್ಸಿಗೆ ಬರೋಣ. ಅಡ್ಮಿಷನ್ ಆಯ್ತು, ಇನ್ನು ಎಲ್ರೂ ಸಮ ಅಂತ ನಾವು ಅಂದ್ಕೊಳ್ತೀವಿ. ಆದರೆ ಮನೆಯಲ್ಲೇ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು, ಕನ್ನಡ ಮಾಧ್ಯಮದಿಂದ ಬಂದು ಮೊದಲ ಸೆಮಿಸ್ಟರಲ್ಲೇ ಕಂಗಾಲಾದವರು, ದೂರದ ರಾಜ್ಯದಿಂದ ಬಂದು ಮೆಸ್ಸಲ್ಲಿ ಒಬ್ಬರೇ ಊಟ ಮಾಡೋರು ನಮ್ಮ ನಡುವೆ ಇದ್ದಾರೆ. ಅವರಿಗೆ ಸೀಟು ಸಿಕ್ಕಿದೆ. ನೋಟ್ಸು, ಲ್ಯಾಬಿನ ಬ್ಯಾಚು, ಪ್ರಾಜೆಕ್ಟ್ ಟೀಮು ಸಿಕ್ಕಿದೆಯಾ? ಈ ವಾರ ಟೀಮು ಮಾಡುವಾಗ ಯಾರ ಹೆಸರು ಉಳಿದುಹೋಗಿದೆ ಅಂತ ಒಮ್ಮೆ ನೋಡೋಣ.