ಕಂದಕದಲ್ಲೊಬ್ಬ ಚಾರ್ಲಿ

ಚಾರ್ಲಿ ಚಾಪ್ಲಿನ್ ಅಂದ್ರೆ ನಮಗೆಲ್ಲ ನೆನಪಾಗೋದು ಪುಟ್ಟ ಮೀಸೆ, ದೊಗಳೆ ಪ್ಯಾಂಟು, ಕೈಯಲ್ಲೊಂದು ಬೆತ್ತ. ಅದೇ ಚಾರ್ಲಿ ಸೈನಿಕನ ಸಮವಸ್ತ್ರ ತೊಟ್ಟು, ಎರಡು ಮಹಾಯುದ್ಧಗಳು ಇನ್ನೂ ನಡೀತಿದ್ದಾಗಲೇ ಯುದ್ಧವನ್ನ ಗೇಲಿ ಮಾಡಿ ಸಿನಿಮಾ ತೆಗೆದಿದ್ದ. ಅತ್ತ ಜನ ಸಾಯ್ತಿರುವಾಗ ಇತ್ತ ಬಿದ್ದು ಎದ್ದು ನಗಿಸೋದು ಸರಿನಾ? ಈ ಪ್ರಶ್ನೆ ಅವನನ್ನ ಜೀವನವಿಡೀ ಬಿಡಲಿಲ್ಲ.

ಚಾರ್ಲಿ ಹುಟ್ಟಿದ್ದು 1889ರ ಏಪ್ರಿಲ್ 16ರಂದು. ಬೆಳೆದದ್ದು ಲಂಡನ್ನಿನ ಬಡಕೇರಿಗಳಲ್ಲಿ. ಅಮ್ಮ ಹ್ಯಾನಾ ರಂಗಮಂದಿರಗಳಲ್ಲಿ ಹಾಡ್ತಿದ್ದಳು. ಅವನು ಆತ್ಮಕಥೆಯಲ್ಲಿ ಬರೆದುಕೊಂಡಿರೋ ಪ್ರಕಾರ, ಐದು ವರ್ಷದವನಿದ್ದಾಗ ಆಲ್ಡರ್‌ಶಾಟ್‌ನಲ್ಲಿ ಸೈನಿಕರೇ ತುಂಬಿದ್ದ ಸಭೆಯಲ್ಲಿ ಅಮ್ಮನ ಗಂಟಲು ಕೈಕೊಟ್ಟಿತು. ಸಭೆ ಗಲಾಟೆ ಎಬ್ಬಿಸಿದಾಗ ಹುಡುಗನನ್ನೇ ವೇದಿಕೆಗೆ ಕಳಿಸಿದರು. ಅವನು ಹಾಡಿದ, ಹಾಡ್ತಾ ಹಾಡ್ತಾ ಅಮ್ಮನ ಒಡೆದ ದನಿಯನ್ನೂ ಅನುಕರಿಸಿದ. ಸೈನಿಕರು ಬಿದ್ದು ಬಿದ್ದು ನಕ್ಕು ಕಾಸು ಎಸೆದರು. ಹೀಗೆ ಅವನ ಮೊದಲ ಪ್ರೇಕ್ಷಕರೇ ಸೈನಿಕರು. ಅವರಿಗೆ ನಗು ತಂದಿದ್ದು ಅಮ್ಮನ ಸಂಕಟ.

ಆಮೇಲೆ ಬಡವರ ಆಶ್ರಮದ ವಾಸ, ಅಮ್ಮನ ಮಾನಸಿಕ ಕಾಯಿಲೆ, ಫ್ರೆಡ್ ಕಾರ್ನೋ ನಾಟಕ ತಂಡ, ಅಮೆರಿಕ. 1914ರಲ್ಲಿ ಅಲೆಮಾರಿಯ ವೇಷ ತೆರೆಗೆ ಬಂತು. ಅದೇ ವರ್ಷ ಯುರೋಪಿನಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು. ಚಾರ್ಲಿಯ ಹೆಸರು, ಸಂಪಾದನೆ ಎರಡೂ ಏರುತ್ತಿದ್ದಂತೆ ಬ್ರಿಟನ್ನಿನ ಕೆಲವರು ಅವನನ್ನ ಹೇಡಿ ಅಂತ ಜರೆದರು. ಗಟ್ಟಿಮುಟ್ಟಾದ ಹುಡುಗ ಸೈನ್ಯಕ್ಕೆ ಸೇರದೆ ಕ್ಯಾಮೆರಾ ಮುಂದೆ ಕುಣೀತಿದ್ದಾನಲ್ಲ ಅನ್ನೋದು ಅವರ ದೂರು. ಆದ್ರೆ ಗಾಯಗೊಂಡ ಸೈನಿಕರ ಆಸ್ಪತ್ರೆಗಳಲ್ಲಿ ಅವನ ಸಿನಿಮಾಗಳಿಗೆ ಭಾರಿ ಬೇಡಿಕೆ. ಎದ್ದು ಕೂರಲಾಗದವರಿಗಾಗಿ ಚಾವಣಿಯ ಮೇಲೇ ಸಿನಿಮಾ ಬಿಡ್ತಿದ್ದರು.

1918ರ ಅಕ್ಟೋಬರ್‌ನಲ್ಲಿ, ಯುದ್ಧ ಮುಗಿಯೋಕೆ ಮೂರು ವಾರ ಇರುವಾಗ, 'ಶೋಲ್ಡರ್ ಆರ್ಮ್ಸ್' ಬಿಡುಗಡೆಯಾಯ್ತು. ಇದು ಬೇಡ, ಅಪಾಯ ಅಂತ ಎಚ್ಚರಿಸಿದವರಿದ್ದರು. ಚಾರ್ಲಿ ಕೇಳಲಿಲ್ಲ. ಮಳೆಗೆ ಕಂದಕದ ಕೋಣೆ ತುಂಬಿ ಹೋಗಿದೆ. ಅವನು ನೀರೊಳಗೇ ಮಲಗಿ ಗ್ರಾಮೊಫೋನಿನ ಕೊಳವೆಯಲ್ಲಿ ಉಸಿರಾಡ್ತಾನೆ. ಬಾಟಲಿ ಮುಚ್ಚಳ ತೆಗೆಯೋಕೆ ಅದನ್ನ ಕಂದಕದ ಮೇಲೆ ಎತ್ತಿ ಹಿಡೀತಾನೆ, ಶತ್ರುವಿನ ಗುಂಡು ಬಂದು ಕತ್ತು ಹಾರಿಸುತ್ತೆ. ನಾರುವ ಚೀಸ್ ಪಾರ್ಸೆಲ್ ಬಂದ್ರೆ ಗ್ಯಾಸ್ ಮಾಸ್ಕ್ ಹಾಕ್ಕೊಂಡು ಅದನ್ನ ಶತ್ರುಗಳ ಕಡೆ ಎಸೀತಾನೆ. ಎಲ್ಲರಿಗೂ ಊರಿಂದ ಕಾಗದ ಬರುತ್ತೆ, ಇವನಿಗೆ ಮಾತ್ರ ಇಲ್ಲ. ಪಕ್ಕದವನ ಹೆಗಲ ಮೇಲಿಂದ ಇಣುಕಿ ಓದ್ತಾ, ಅವನು ನಕ್ಕಾಗ ತಾನೂ ನಗ್ತಾನೆ. ಇಲ್ಲಿ ನಮಗೆ ನಗು ಬಂದರೂ ಗಂಟಲು ಕಟ್ಟುತ್ತೆ.

ಈ ಹಾಸ್ಯದ ಗುಟ್ಟು ಇಲ್ಲೇ ಇದೆ. ಸೈನ್ಯಕ್ಕೆ ಬೇಕಾಗಿರೋದು ಹೇಳಿದಂತೆ ಕೇಳುವ ಯಂತ್ರ. ಆದ್ರೆ ಮನುಷ್ಯನ ಮೈಗೆ ತುರಿಕೆ, ಹಸಿವು, ನಿದ್ದೆ, ಚಳಿ ಎಲ್ಲ ಇರುತ್ತೆ. ಅದು ಹುಕುಂ ಕೇಳಲ್ಲ. ಅಲ್ಲಿನ ನಗು ಸೈನಿಕನ ಮೇಲಲ್ಲ, ಅವನ ಜೊತೆ ಸೇರಿ ನಗೋದು. ಅದಕ್ಕೇ ಕಂದಕ ಕಂಡು ಬಂದವರೇ ಈ ಚಿತ್ರವನ್ನ ಹೆಚ್ಚು ಮೆಚ್ಚಿದರು.

ಎರಡನೇ ಸಲ ಎದುರಾಳಿ ಇನ್ನೂ ಭಯಂಕರ. ಹಿಟ್ಲರ್ ಚಾರ್ಲಿಗಿಂತ ನಾಲ್ಕೇ ದಿನ ಚಿಕ್ಕವನು, ಮೀಸೆಯೂ ಹೆಚ್ಚುಕಮ್ಮಿ ಅದೇ! ಚಾರ್ಲಿ ಸ್ವಂತ ದುಡ್ಡು ಸುರಿದು, 1939ರ ಸೆಪ್ಟೆಂಬರ್‌ನಲ್ಲಿ, ಯುದ್ಧ ಶುರುವಾದ ಕೆಲವೇ ದಿನಕ್ಕೆ, 'ದಿ ಗ್ರೇಟ್ ಡಿಕ್ಟೇಟರ್' ಚಿತ್ರೀಕರಣ ಆರಂಭಿಸಿದ. ಯಹೂದಿ ಕ್ಷೌರಿಕ, ಸರ್ವಾಧಿಕಾರಿ ಎರಡೂ ಪಾತ್ರ ಅವನದೇ. ಎಂಜಿನಿಯರಿಂಗ್ ಓದುವವರು ಇದರ ವಿಮಾನದ ದೃಶ್ಯ ನೋಡಲೇಬೇಕು. ವಿಮಾನ ತಲೆಕೆಳಗಾಗಿ ಹಾರ್ತಿದೆ, ಒಳಗಿರೋ ಇಬ್ಬರಿಗೂ ಗೊತ್ತಿಲ್ಲ. ಸರಪಳಿ ಗಡಿಯಾರ ಮೇಲಕ್ಕೆ ನೆಟ್ಟಗೆ ನಿಲ್ಲುತ್ತೆ, ನೀರು ಮೇಲಕ್ಕೆ ಸುರಿಯುತ್ತೆ. ಗುರುತ್ವಾಕರ್ಷಣೆ ತನ್ನ ಕೆಲಸ ಸರಿಯಾಗೇ ಮಾಡ್ತಿದೆ, ತಲೆಕೆಳಗಾಗಿರೋದು ಇವರು. ಯುದ್ಧದ ಬಗ್ಗೆ ಇದಕ್ಕಿಂತ ಚಿಕ್ಕದಾಗಿ ಇನ್ನೇನು ಹೇಳೋಕೆ ಸಾಧ್ಯ?

1940ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ, ಡಿಸೆಂಬರ್‌ನಲ್ಲಿ ಬಾಂಬ್ ದಾಳಿಯ ನಡುವೆಯೇ ಲಂಡನ್‌ನಲ್ಲಿ ಚಿತ್ರ ತೆರೆಕಂಡಿತು. ಭೂಗೋಳದ ಬಲೂನನ್ನ ಆಡಿಸ್ತಾ ಕುಣಿಯೋ ಸರ್ವಾಧಿಕಾರಿಯನ್ನ ನೋಡಿ ಜನ ನಕ್ಕರು. ಕೊನೆಗೆ ಮಾತ್ರ ಚಾರ್ಲಿ ಹಾಸ್ಯ ಬಿಟ್ಟು, ಕ್ಷೌರಿಕನ ಬಾಯಿಂದ ಮನುಷ್ಯತ್ವದ ಬಗ್ಗೆ ನೇರವಾಗಿ ಮಾತಾಡಿಸಿದ.

ಹಾಗಾದ್ರೆ ಎಲ್ಲವನ್ನೂ ನಗೆಯಾಡಬಹುದಾ? 1964ರ ಆತ್ಮಕಥೆಯಲ್ಲಿ ಚಾರ್ಲಿ ಒಂದು ಮಾತು ಒಪ್ಪಿಕೊಂಡ. ನಾಜಿ ಶಿಬಿರಗಳಲ್ಲಿ ನಿಜಕ್ಕೂ ಏನಾಗ್ತಿತ್ತು ಅಂತ ಆಗಲೇ ತಿಳಿದಿದ್ದರೆ ಆ ಸಿನಿಮಾ ಮಾಡೋಕೆ ತನ್ನಿಂದ ಆಗ್ತಿರಲಿಲ್ಲ ಅನ್ನೋದು ಅದರ ತಾತ್ಪರ್ಯ. ನಗಿಸೋದೇ ಕಸುಬಾಗಿದ್ದವನು ನಗುವಿಗೂ ಒಂದು ಗಡಿ ಇದೆ ಅಂತ ಗುರುತಿಸಿದ್ದು ಸಣ್ಣ ಸಂಗತಿಯಲ್ಲ.

1952ರಲ್ಲಿ ಅಮೆರಿಕ ಅವನಿಗೆ ಬಾಗಿಲು ಮುಚ್ಚಿತು. ಸ್ವಿಟ್ಜರ್ಲೆಂಡ್‌ನಲ್ಲಿ ನೆಲೆಸಿದ ಚಾರ್ಲಿ 1972ರಲ್ಲಿ ಗೌರವ ಆಸ್ಕರ್ ಪಡೆಯೋಕೆ ಮತ್ತೆ ಅಲ್ಲಿಗೆ ಹೋದ. 1977ರ ಕ್ರಿಸ್‌ಮಸ್ ದಿನ ತೀರಿಕೊಂಡ.

ಇಂಟರ್ನಲ್ಸ್ ಮುಗಿದ ಮೇಲೆ ಈ ಎರಡು ಚಿತ್ರಗಳನ್ನ ಹಾಸ್ಟೆಲ್‌ನಲ್ಲಿ ಒಟ್ಟಿಗೆ ಕೂತು ನೋಡಿ. ಮೊದಲನೆಯದು ಮುಕ್ಕಾಲು ಗಂಟೆಯಷ್ಟೇ. ನಗು ಬಂದಾಗಲೆಲ್ಲ, ಇದು ಯಾರನ್ನ ನೋಡಿ ಬಂದ ನಗು, ಯಾರ ಜೊತೆಗಿನ ನಗು ಅಂತ ಒಂದು ಕ್ಷಣ ಕೇಳಿಕೊಳ್ಳಿ.