ಡಾಕ್ಟರ್ ಮಾಂಟೆಸೊರಿ ಅಮ್ಮನವರೂ ಮಕ್ಕಳ ಎಣಿಕೆಯೂ

ಮರಿಯಾ ಮಾಂಟೆಸೊರಿ ಅಮ್ಮನವರು ಇಟಲಿ ದೇಶದ ಕ್ಯಾರವಾಲ್ಲೆ ಎಂಬ ಊರಿನಲ್ಲಿ 1870ನೆಯ ಇಸವಿ ಆಗಸ್ಟ್ 31ರಂದು ಜನಿಸಿದರು. ಮಗಳು ಉಪಾಧ್ಯಾಯಿನಿಯಾದರೆ ಸಾಕೆಂಬುದು ತಂದೆಯವರ ಅಪೇಕ್ಷೆ. ಹುಡುಗಿಗಾದರೋ ಗಣಿತದಲ್ಲಿ ಬಹು ಆಸಕ್ತಿ. ಹದಿಮೂರನೆಯ ಪ್ರಾಯದಲ್ಲಿ ಗಂಡುಮಕ್ಕಳು ಓದುವ ತಾಂತ್ರಿಕ ಶಾಲೆಯನ್ನು ಸೇರಿದರು. ತರುವಾಯ ಮನಸ್ಸು ವೈದ್ಯದ ಕಡೆಗೆ ತಿರುಗಲು, ತಾಯಿಯವರ ಬೆಂಬಲದಿಂದ ರೋಮಿನಲ್ಲಿ ಓದಿ 1896ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಹೆಣ್ಣುಮಕ್ಕಳಿಗೆ ಲೆಕ್ಕ ಹತ್ತದೆಂದು ಹೇಳುವವರು ಇಂದಿಗೂ ಇರುವ ಕಾರಣ ಈ ಸಂಗತಿಯನ್ನು ಮೊದಲು ಬರೆದೆವು.

ಆ ಕಾಲದಲ್ಲಿ ಬುದ್ಧಿಮಾಂದ್ಯವುಳ್ಳ ಮಕ್ಕಳನ್ನು ಹುಚ್ಚರ ಆಸ್ಪತ್ರೆಗಳಲ್ಲಿ ಇಡುತ್ತಿದ್ದರು. ಅಮ್ಮನವರು ಫ್ರೆಂಚ್ ವೈದ್ಯರಾದ ಇಟಾರ್ ಮತ್ತು ಸೆಗ್ಯಾನ್ ಎಂಬವರ ಗ್ರಂಥಗಳನ್ನೋದಿ, ಆ ಮಕ್ಕಳ ಕೈಗೆ ಮುಟ್ಟಿ ನೋಡುವ ವಸ್ತುಗಳನ್ನು ಕೊಟ್ಟು ಕಲಿಸಿದರು. ಅವರಲ್ಲಿ ಕೆಲವರು ಇತರ ಮಕ್ಕಳಂತೆಯೇ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಜನರು ಆಶ್ಚರ್ಯಪಟ್ಟರು, ಅಮ್ಮನವರಿಗೋ ಆರೋಗ್ಯವಂತ ಮಕ್ಕಳನ್ನು ಶಾಲೆಗಳು ಇಷ್ಟು ಹಿಂದೆ ಇಟ್ಟಿರುವುದೇಕೆಂಬ ಚಿಂತೆ ಹತ್ತಿತು. 1907ನೆಯ ಇಸವಿ ಜನವರಿ 6ರಂದು ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಕೂಲಿಯವರ ಮಕ್ಕಳಿಗೋಸ್ಕರ ಅವರ ಮೊದಲನೆಯ ಶಿಶುಮಂದಿರವು ತೆರೆಯಿತು.

ಎಣಿಕೆಯ ವಿಷಯದಲ್ಲಿ ಅವರು ಕಂಡುಕೊಂಡದ್ದನ್ನು ತಾಯಂದಿರು ಗಮನಿಸಬೇಕು. ಮುದಗಲ್ಲಿನ ನಮ್ಮ ಶಿಶುತರಗತಿಗೆ ಬರುವ ಎಷ್ಟೋ ಮಕ್ಕಳು ನೂರರವರೆಗೆ ತಡೆಯಿಲ್ಲದೆ ಹೇಳುತ್ತಾರೆ. ಹುಣಿಸೇಬೀಜಗಳನ್ನು ಎಣಿಸಿ ಐದು ಕೊಡೆಂದರೆ, ಐದನೆಯದಾಗಿ ಮುಟ್ಟಿದ ಒಂದೇ ಬೀಜವನ್ನು ಕೊಡುವವರುಂಟು. ಐದೆಂಬುದು ಆ ಬೀಜದ ಹೆಸರೆಂದೇ ಮಗುವಿನ ಗ್ರಹಿಕೆ! ಇದು ದಡ್ಡತನವಲ್ಲ; ಬಿಡಿವಸ್ತುಗಳಲ್ಲಿ ಐದೆಂಬ ಮೊತ್ತವು ಕಣ್ಣಿಗೆ ಎಲ್ಲಿಯೂ ಕಾಣದು. ಆದಕಾರಣ ಅಮ್ಮನವರು ಮೊದಲು ಹತ್ತು ಕೋಲುಗಳನ್ನು ಕೊಟ್ಟರು. ಮೊದಲನೆಯದು 10 ಸೆಂಟಿಮೀಟರ್, ಕಡೆಯದು ಒಂದು ಮೀಟರ್. ಹತ್ತು ಹತ್ತು ಸೆಂಟಿಮೀಟರಿಗೆ ಕೆಂಪು, ನೀಲಿ ಬಣ್ಣ. ಐದರ ಕೋಲನ್ನು ಎತ್ತಿದ ಮಗುವು ಐದನ್ನು ಇಡಿಯಾಗಿಯೇ ಎತ್ತುತ್ತದೆ. ನಾಲ್ಕರ ಪಕ್ಕದಲ್ಲಿ ಒಂದನ್ನಿಟ್ಟು ಅದಕ್ಕೆ ಸಮವೆಂದು ತಾನೇ ಕಾಣುತ್ತದೆ. ಉಪ್ಪುಕಾಗದದಲ್ಲಿ ಕತ್ತರಿಸಿದ ಅಂಕೆಗಳನ್ನು ಬೆರಳಿನಿಂದ ತಿದ್ದುವುದು ಆಮೇಲೆ. ಬಿಡಿವಸ್ತುಗಳು ಬರುವುದು ಅದಕ್ಕೂ ತರುವಾಯ: ಸೊನ್ನೆಯಿಂದ ಒಂಬತ್ತರವರೆಗೆ ಬರೆದ ಗೂಡುಗಳಲ್ಲಿ 45 ಕದಿರುಗಳನ್ನು ಮಗುವು ಎಣಿಸಿ ಇಡಬೇಕು. ಎಲ್ಲವೂ ಮುಗಿದರೂ ಸೊನ್ನೆಯ ಗೂಡು ಬರಿದಾಗಿಯೇ ಉಳಿಯುತ್ತದೆ. ಸೊನ್ನೆಯನ್ನು ಇದಕ್ಕಿಂತ ಚೆನ್ನಾಗಿ ಬಾಯಿಂದ ವಿವರಿಸಲು ನಮ್ಮಿಂದಾಗದು.

ನಮ್ಮ ಕೋಲುಗಳನ್ನು ಊರ ಬಡಗಿಯೇ ಮಾಡಿಕೊಟ್ಟನು. ಅಳತೆಯಲ್ಲಿ ಬಹು ಕಟ್ಟುನಿಟ್ಟಾದ ಅಮ್ಮನವರು ಅವನ್ನು ಮೆಚ್ಚುತ್ತಿದ್ದರೋ ಇಲ್ಲವೋ! ಮಗ್ಗಿಯನ್ನು ನಾವು ಬಿಟ್ಟಿಲ್ಲ. ಕೈಗೆ ತಿಳಿದ ಮೇಲೆ ಬಾಯಿಗೆ ಬರಲೆಂಬುದಷ್ಟೇ ನಮ್ಮ ಹಟ.

ಅವರ ಜೀವಿತದ ಒಂದು ನೋವನ್ನು ಮರೆಮಾಡಲಾರೆವು. ವಿವಾಹವಿಲ್ಲದೆ 1898ರಲ್ಲಿ ಹುಟ್ಟಿದ ಮಗನಾದ ಮಾರಿಯೊನನ್ನು ಲೋಕಾಪವಾದದ ನಿಮಿತ್ತ ಹಳ್ಳಿಯ ಕುಟುಂಬವೊಂದರಲ್ಲಿ ಬೆಳೆಸಬೇಕಾಯಿತು. ಪರರ ಮಕ್ಕಳ ನಡುವೆ ದಿನ ಕಳೆದ ತಾಯಿಯ ಬಳಿಗೆ ಮಗನು ಬಂದು ಸೇರಿದ್ದು ಸುಮಾರು ಹದಿನೈದರ ಪ್ರಾಯದಲ್ಲಿ.

1939ರಲ್ಲಿ ತಾಯಿಮಕ್ಕಳಿಬ್ಬರೂ ಮದ್ರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿಯು ಯುದ್ಧಕ್ಕಿಳಿಯಲು ಬ್ರಿಟಿಷ್ ಸರ್ಕಾರವು ಮಾರಿಯೊನನ್ನು ಸೆರೆಯಲ್ಲಿಟ್ಟಿತು. ಅಮ್ಮನವರ ಎಪ್ಪತ್ತನೆಯ ಹುಟ್ಟುಹಬ್ಬದ ಸಮಯದಲ್ಲಿ ಬಿಡುಗಡೆಯಾಯಿತು. ಕೊಡೈಕನಾಲಿನಲ್ಲಿಯೂ ಇತರ ಊರುಗಳಲ್ಲಿಯೂ ಅವರಿಂದ ತರಬೇತಿ ಹೊಂದಿದ ಉಪಾಧ್ಯಾಯರು ಸಾವಿರಕ್ಕೂ ಮಿಕ್ಕಿದ್ದರು. 1952ನೆಯ ಇಸವಿ ಮೇ 6ರಂದು ಹಾಲೆಂಡಿನ ನೂರ್ಡ್‌ವೈಕ್ ಎಂಬ ಕಡಲತೀರದ ಊರಿನಲ್ಲಿ ಅಮ್ಮನವರು ತೀರಿಕೊಂಡರು. ಅವರ ಕೆಲಸವನ್ನು 1982ರಲ್ಲಿ ತಾನು ತೀರಿಹೋಗುವ ತನಕ ಮಾರಿಯೊನೇ ನಡಿಸಿಕೊಂಡು ಬಂದನು.