ತಿರುವಯ್ಯಾರಿನಲ್ಲಿ ಹಾಡುವ ಹಕ್ಕು: ಬೆಂಗಳೂರು ನಾಗರತ್ನಮ್ಮನವರ ಹೋರಾಟ

ಪ್ರತಿ ವರ್ಷ ಪುಷ್ಯ ಬಹುಳ ಪಂಚಮಿಯಂದು ತಂಜಾವೂರು ಜಿಲ್ಲೆಯ ತಿರುವಯ್ಯಾರಿನಲ್ಲಿ ನೂರಾರು ಸಂಗೀತಗಾರರು ಒಂದೆಡೆ ಸೇರುತ್ತಾರೆ. ಕಾವೇರಿ ತೀರದ ತ್ಯಾಗರಾಜರ ಸಮಾಧಿಯೆದುರು ಗಂಡಸರು, ಹೆಂಗಸರು ಸಾಲುಸಾಲಾಗಿ ಕುಳಿತು ಪಂಚರತ್ನ ಕೃತಿಗಳನ್ನು ಒಕ್ಕೊರಲಿನಿಂದ ಹಾಡುತ್ತಾರೆ. ಆಕಾಶವಾಣಿ, ದೂರದರ್ಶನಗಳ ಮೂಲಕ ಈ ಗೋಷ್ಠಿ ಗಾಯನ ನಮ್ಮ ಮನೆಗಳಿಗೂ ತಲುಪಿದೆ. ಆದರೆ ಆ ಸಮಾಧಿಗೆ ಗುಡಿ ಕಟ್ಟಿಸಿದವರು ಕನ್ನಡ ನಾಡಿನ ಒಬ್ಬ ದೇವದಾಸಿ ಎಂಬುದು ಕೇಳುಗರಲ್ಲಿ ಎಷ್ಟು ಮಂದಿಗೆ ಗೊತ್ತು? ಹಾಗೆ ಕಟ್ಟಿಸಿದವರಿಗೇ ಅದರ ಎದುರು ಕುಳಿತು ಹಾಡುವ ಅವಕಾಶ ಇರಲಿಲ್ಲ ಎಂಬುದಂತೂ ಇನ್ನೂ ಕಡಿಮೆ ಮಂದಿಗೆ ತಿಳಿದಿರುವ ಸಂಗತಿ.

ನಾಗರತ್ನಮ್ಮ ಹುಟ್ಟಿದ್ದು 1878ರ ನವೆಂಬರ್ 3ರಂದು, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಕುಲಕ್ಕೆ ಸೇರಿದವರು. ತಂದೆ ಸುಬ್ಬರಾವ್ ವಕೀಲರು. ಮಗು ಹುಟ್ಟಿದ ಕೆಲಕಾಲದಲ್ಲಿಯೇ ಸುಬ್ಬರಾವ್ ಈ ತಾಯಿ-ಮಗಳ ಕೈಬಿಟ್ಟರು. ಪುಟ್ಟಲಕ್ಷ್ಮಿ ಮಗಳನ್ನು ಮೈಸೂರಿಗೆ ಕರೆತಂದು ಗಿರಿಭಟ್ಟ ತಿಮ್ಮಯ್ಯ ಎಂಬ ವಿದ್ವಾಂಸರ ಬಳಿ ಸಂಸ್ಕೃತ ಮತ್ತು ಸಂಗೀತದ ಪಾಠಕ್ಕೆ ಹಚ್ಚಿದರು. ಹುಡುಗಿಯ ಜಾಣ್ಮೆ ಗುರುಗಳಿಗೇ ಸಹಿಸಲಾಗಲಿಲ್ಲ, ಅವಮಾನದ ಮಾತುಗಳನ್ನು ಕೇಳಬೇಕಾಯಿತು, ಆಗ ತಾಯಿ ಮಗಳೊಂದಿಗೆ ಮೈಸೂರನ್ನೇ ತೊರೆದರು ಎಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ. ಮಗಳು ವಿದ್ಯಾವಂತೆಯಾದ ಮೇಲೆಯೇ ಆ ಊರಿಗೆ ಮರಳುವುದು ಎಂಬುದು ಪುಟ್ಟಲಕ್ಷ್ಮಿಯವರ ಹಠವಾಗಿತ್ತು.

ಅಲೆದಾಟದ ಬಳಿಕ ಅವರು ನೆಲೆ ನಿಂತದ್ದು ಬೆಂಗಳೂರಿನಲ್ಲಿ. ಇಲ್ಲಿ ಮುನಿಸ್ವಾಮಪ್ಪನವರು ನಾಗರತ್ನಮ್ಮನವರಿಗೆ ಸಂಗೀತ ಕಲಿಸಿದರು. ಮುನಿಸ್ವಾಮಪ್ಪನವರು ವಾಲಾಜಾಪೇಟೆ ಕೃಷ್ಣಸ್ವಾಮಿ ಭಾಗವತರ ಶಿಷ್ಯರು. ಆ ಭಾಗವತರ ತಂದೆ ವೆಂಕಟರಮಣ ಭಾಗವತರು ಸಾಕ್ಷಾತ್ ತ್ಯಾಗರಾಜರ ಶಿಷ್ಯರು. ಹೀಗಾಗಿ ತಿರುವಯ್ಯಾರಿನ ನಂಟು ನಾಗರತ್ನಮ್ಮನವರಿಗೆ ಬಾಲ್ಯದಲ್ಲಿಯೇ ಗುರುಪರಂಪರೆಯ ಮೂಲಕ ಅಂಟಿತ್ತು. ಕನ್ನಡ, ತೆಲುಗು, ಸಂಸ್ಕೃತ, ಇಂಗ್ಲಿಷ್ ಭಾಷೆಗಳನ್ನೂ ನೃತ್ಯವನ್ನೂ ಅವರು ಕಲಿತರು. ಹದಿಹರೆಯದಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಆದರೆ ತಾಯಿಯ ಹಠ ಗೆದ್ದಿತು. ಚಾಮರಾಜೇಂದ್ರ ಒಡೆಯರ ಕಾಲದ ಮೈಸೂರು ಅರಮನೆಯಲ್ಲಿ ಹಾಡಿ ಮಗಳು ಮನ್ನಣೆ ಪಡೆದರು.

ಅವರದು ಗಡುಸಾದ, ಗಂಡುದನಿಗೆ ಹತ್ತಿರವಾದ ಕಂಠ. ಯದುಕುಲ ಕಾಂಭೋಜಿ ಅವರ ನೆಚ್ಚಿನ ರಾಗ. ಮೈಸೂರು ಸಂಸ್ಥಾನದ ನ್ಯಾಯಾಧೀಶರಾಗಿದ್ದ ನರಹರಿರಾಯರು ಅವರಿಗೆ ಆಶ್ರಯದಾತರಾಗಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಾಗರತ್ನಮ್ಮ ಮದರಾಸಿಗೆ ಹೋಗಿ ಜಾರ್ಜ್ ಟೌನಿನಲ್ಲಿ ನೆಲೆಸಿದರು. ಮುಂದಿನ ಮೂರು ದಶಕಗಳಲ್ಲಿ ದಕ್ಷಿಣ ಭಾರತದ ಊರೂರುಗಳಲ್ಲಿ ಅವರು ನೀಡಿದ ಕಚೇರಿಗಳು ಸಾವಿರಕ್ಕೂ ಹೆಚ್ಚು. ಗ್ರಾಮಫೋನ್ ಕಂಪನಿಗಳು ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡವು. ಮದರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಮಹಿಳಾ ಕಲಾವಿದೆ ಅವರೇ ಎಂಬ ಮಾತೂ ಪ್ರಚಲಿತದಲ್ಲಿದೆ. ಈ ಹಣದ ವಿಷಯವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಅವರ ಮುಂದಿನ ಕಥೆಯೆಲ್ಲ ಸ್ವಂತ ದುಡಿಮೆಯ ಹಣದ ಮೇಲೆಯೇ ನಿಂತಿದೆ.

ಅಂದಿನ ಸಮಾಜದಲ್ಲಿ ಸಂಗೀತ ಮತ್ತು ಹೆಣ್ಣಿನ ನಡುವೆ ವಿಚಿತ್ರವಾದ ಕಟ್ಟುಪಾಡು ಇತ್ತು. ಗೃಹಸ್ಥ ಮನೆತನದ ಹೆಣ್ಣುಮಕ್ಕಳು ಮನೆಯೊಳಗೆ ಹಸೆಗೆ, ಆರತಿಗೆ ಹಾಡಬಹುದಿತ್ತು. ಸಭೆಯಲ್ಲಿ ಹಾಡುವಂತಿರಲಿಲ್ಲ. ಸಭೆಯಲ್ಲಿ ಹಾಡುವ ಹಕ್ಕಿದ್ದವರು ದೇವದಾಸಿಯರು, ಆದರೆ ಅದೇ ಕಾರಣಕ್ಕೆ ಅವರಿಗೆ ಗೌರವವಿರಲಿಲ್ಲ. ಹಾಡಿದರೆ ಮರ್ಯಾದೆ ಇಲ್ಲ, ಮರ್ಯಾದೆ ಬೇಕಿದ್ದರೆ ಹಾಡುವಂತಿಲ್ಲ. ನಾಗರತ್ನಮ್ಮ ಎರಡನ್ನೂ ಕೇಳಿದರು.

ಮೊದಲ ಘರ್ಷಣೆ ನಡೆದದ್ದು ವೇದಿಕೆಯ ಮೇಲಲ್ಲ, ಪುಸ್ತಕದ ಕಾರಣದಿಂದ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹ ರಾಜನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿ ಇದ್ದಳು. ಆಕೆಯೂ ಗಣಿಕೆ. ಆಕೆ ತೆಲುಗಿನಲ್ಲಿ ಬರೆದ ‘ರಾಧಿಕಾ ಸಾಂತ್ವನಮು’ ಕಾವ್ಯದಲ್ಲಿ ರಾಧೆ ತಾನೇ ಬೆಳೆಸಿದ ಇಳೆಯನ್ನು ಕೃಷ್ಣನಿಗೆ ಮದುವೆ ಮಾಡಿಕೊಡುತ್ತಾಳೆ, ಅನಂತರ ವಿರಹದಲ್ಲಿ ಬೇಯುತ್ತಾಳೆ, ಕೃಷ್ಣ ಬಂದು ಆಕೆಯನ್ನು ಸಮಾಧಾನಪಡಿಸುತ್ತಾನೆ. ಶೃಂಗಾರವನ್ನು ಹೆಣ್ಣಿನ ಕಡೆಯಿಂದ, ಹೆಣ್ಣಿನ ಬಯಕೆಯಾಗಿ ಹೇಳಿದ ಕಾವ್ಯ ಇದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಚ್ಚಾದ ಪ್ರತಿಯಲ್ಲಿ ಹಲವು ಪದ್ಯಗಳನ್ನು ಕತ್ತರಿಸಲಾಗಿತ್ತು. ಮುದ್ದುಪಳನಿ ತನ್ನ ಅಜ್ಜಿಯ ವಿದ್ವತ್ತನ್ನು ನೆನೆದು ತನ್ನ ಮನೆತನದ ಪರಿಚಯ ಹೇಳಿಕೊಂಡ ಪೀಠಿಕಾ ಭಾಗವೂ ಅಲ್ಲಿರಲಿಲ್ಲ. ಹೆಣ್ಣು ಕವಿಯೊಬ್ಬಳು ಹೆಣ್ಣುಗಳ ಮೂಲಕವೇ ತನ್ನ ಪರಂಪರೆಯನ್ನು ಹೇಳಿಕೊಂಡದ್ದು ಬಹುಶಃ ಸಂಪಾದಕರಿಗೆ ಮುಖ್ಯವೆನಿಸಿರಲಿಕ್ಕಿಲ್ಲ. ನಾಗರತ್ನಮ್ಮ ಮೂಲ ಪ್ರತಿಯನ್ನು ಹುಡುಕಿ ತೆಗೆದು, ಬಿಟ್ಟುಹೋದ ಭಾಗಗಳನ್ನು ಸೇರಿಸಿ, 1910ರಲ್ಲಿ ಮದರಾಸಿನ ವಾವಿಳ್ಳ ಸಂಸ್ಥೆಯ ಮೂಲಕ ಪೂರ್ಣ ಕಾವ್ಯವನ್ನು ಪ್ರಕಟಿಸಿದರು.

ಆಂಧ್ರದ ಹೆಸರಾಂತ ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಪಂತುಲು ಈ ಕಾವ್ಯವನ್ನು ಅಶ್ಲೀಲವೆಂದು ಖಂಡಿಸಿದ್ದರು. ಕವಯಿತ್ರಿಯ ಶೀಲದ ಬಗೆಗೂ ಹಗುರವಾಗಿ ಬರೆದಿದ್ದರು. ನಾಗರತ್ನಮ್ಮ ತಮ್ಮ ಮುನ್ನುಡಿಯಲ್ಲಿ ಅವರಿಗೆ ನೇರವಾಗಿ ಉತ್ತರಿಸಿದರು. ಲಜ್ಜೆ ಎಂಬುದು ಹೆಂಗಸರಿಗೆ ಮಾತ್ರ ಸಹಜವೇ, ಗಂಡಸರಿಗೆ ಅಲ್ಲವೇ ಎಂಬುದು ಅವರ ಪ್ರಶ್ನೆಯ ತಿರುಳು. ಪುರುಷ ಕವಿಗಳು ಇದಕ್ಕಿಂತ ಬಿಚ್ಚು ಶೃಂಗಾರ ಬರೆದರೂ ಪಂತುಲು ಅವರನ್ನು ಮೆಚ್ಚುತ್ತಾರೆ, ಅಂಥ ಕಾವ್ಯವೊಂದನ್ನು ಪಠ್ಯವಾಗಿಯೂ ಒಪ್ಪುತ್ತಾರೆ ಎಂಬುದನ್ನು ಅವರು ಎತ್ತಿ ತೋರಿಸಿದರು. ವಿಧವಾ ವಿವಾಹಕ್ಕಾಗಿ ಜೀವ ತೇಯ್ದ ಸುಧಾರಕರೊಬ್ಬರಿಗೆ ಈ ಮಾತನ್ನು ಕೇಳಲು ಆ ಕಾಲದಲ್ಲಿ ಗುಂಡಿಗೆ ಬೇಕಿತ್ತು.

ಪರಿಣಾಮ ಊಹಿಸಬಹುದಾದದ್ದೇ. ದೂರು ಸರ್ಕಾರದವರೆಗೂ ಹೋಯಿತು. ತೆಲುಗು ವಿದ್ವಾಂಸರು ಹಲವರು ಕಾವ್ಯದ ಪರವಾಗಿ ನಿಂತರೂ ಬ್ರಿಟಿಷ್ ಆಡಳಿತ 1912ರಲ್ಲಿ ಪುಸ್ತಕವನ್ನು ನಿಷೇಧಿಸಿತು.

ಬಿಡಾರಂ ಕೃಷ್ಣಪ್ಪನವರ ಹೆಸರು ಮೈಸೂರಿನ ಸಂಗೀತಪ್ರಿಯರಿಗೆ ಪರಿಚಯ ಬೇಕಿಲ್ಲದ್ದು. ಪಿಟೀಲು ಚೌಡಯ್ಯನವರ ಗುರುಗಳಾದ ಅವರು ನಾಗರತ್ನಮ್ಮನವರಿಗೂ ಗುರುಸ್ಥಾನದಲ್ಲಿದ್ದರು. 1921ರಲ್ಲಿ ಅವರು ತಿರುವಯ್ಯಾರಿಗೆ ಹೋದಾಗ ತ್ಯಾಗರಾಜರ ಸಮಾಧಿ ಪಾಳುಬಿದ್ದಿದ್ದನ್ನು ಕಂಡು ನಾಗರತ್ನಮ್ಮನವರಿಗೆ ಪತ್ರ ಬರೆದರು. 1847ರಲ್ಲಿ ತೀರಿಕೊಂಡ ತ್ಯಾಗರಾಜರ ಹೆಸರಿನಲ್ಲಿ ಅಷ್ಟು ಹೊತ್ತಿಗಾಗಲೇ ಆರಾಧನೆ ನಡೆಯುತ್ತಿತ್ತು. ನಡೆಸುವವರು ಮಾತ್ರ ಎರಡು ಪಂಗಡವಾಗಿದ್ದರು, ಪೆರಿಯ ಕಚ್ಚಿ ಮತ್ತು ಚಿನ್ನ ಕಚ್ಚಿ, ಅಂದರೆ ದೊಡ್ಡ ಬಣ ಮತ್ತು ಚಿಕ್ಕ ಬಣ. ಯಾರು ದೊಡ್ಡವರೆಂಬ ಜಗಳದಲ್ಲಿ ಸಮಾಧಿಯ ಆರೈಕೆ ಮಾತ್ರ ಯಾರಿಗೂ ಬೇಡವಾಗಿತ್ತು ಎಂದರೆ ಕಟುವಾದೀತು, ಆದರೂ ಸುಳ್ಳಾಗದು.

ತ್ಯಾಗರಾಜರು ಕನಸಿನಲ್ಲಿ ಬಂದು ಅಪ್ಪಣೆ ಕೊಟ್ಟರೆಂದು ನಾಗರತ್ನಮ್ಮ ನಂಬಿದ್ದರು. ಕನಸಿನ ಮಾತು ಹಾಗಿರಲಿ, ಅವರು ಮಾಡಿದ ಕೆಲಸ ಅತ್ಯಂತ ಲೌಕಿಕವಾದದ್ದು. ಸಮಾಧಿಯ ಜಾಗ ಯಾರದೆಂದು ವಿಚಾರಿಸಿ, ಅದನ್ನು ಪಡೆದುಕೊಳ್ಳುವ ವ್ಯವಸ್ಥೆ ಮಾಡಿ, 1921ರ ಅಕ್ಟೋಬರಿನಲ್ಲಿ ಕಟ್ಟಡದ ಕೆಲಸಕ್ಕೆ ಅಡಿಗಲ್ಲು ಹಾಕಿಸಿದರು. ಒಡವೆ ಹೋಯಿತು, ಉಳಿತಾಯ ಹೋಯಿತು. 1925ರ ಜನವರಿಯಲ್ಲಿ ಗುಡಿಗೆ ಕುಂಭಾಭಿಷೇಕ ನೆರವೇರಿತು.

ಗುಡಿ ಆಯಿತು. ಆರಾಧನೆಯ ದಿನ ಅದರೆದುರು ಹರಿಕಥೆ ಮಾಡಲು, ಹಾಡಲು ನಾಗರತ್ನಮ್ಮ ಅವಕಾಶ ಕೇಳಿದರು. ಚಿನ್ನ ಕಚ್ಚಿಯವರು ಒಪ್ಪಲಿಲ್ಲ. ಸ್ತ್ರೀಯರು, ಅದರಲ್ಲಿಯೂ ದೇವದಾಸಿಯರು, ಸಂತನ ಸನ್ನಿಧಿಯಲ್ಲಿ ಹಾಡತಕ್ಕದ್ದಲ್ಲ ಎಂಬುದು ಅವರ ನಿಲುವು. ಇಲ್ಲಿ ನಾಗರತ್ನಮ್ಮ ಗುಡಿಗೆ ಬೀಗ ಹಾಕಿ ಕೂರಬಹುದಿತ್ತು, ಅಥವಾ ನೊಂದು ಮದರಾಸಿಗೆ ಮರಳಬಹುದಿತ್ತು. ಎರಡನ್ನೂ ಮಾಡಲಿಲ್ಲ. 1927ರ ಸುಮಾರಿಗೆ ಅವರು ಮೂರನೆಯ ಬಣವನ್ನೇ ಕಟ್ಟಿದರು. ಅದರ ಹೆಸರು ಪೆಣ್ಗಳ್ ಕಚ್ಚಿ, ಹೆಂಗಸರ ಬಣ. ದೇವದಾಸಿ ಕುಲದ ಗಾಯಕಿಯರು ಊರೂರುಗಳಿಂದ ಬಂದರು. ಎದುರಿಗೆ ಜಾಗವಿಲ್ಲ ಎಂದರೆ ಹಿಂದುಗಡೆ ಇದೆಯಲ್ಲ! ಗಂಡಸರ ಬಣ ಮುಂಭಾಗದಲ್ಲಿ ಆರಾಧನೆ ನಡೆಸಿದರೆ ಈ ಮಹಿಳೆಯರು ಗುಡಿಯ ಹಿಂಭಾಗದಲ್ಲಿ ಕುಳಿತು ಹಾಡಿದರು. ಜನ ಅಲ್ಲಿಗೂ ಸೇರತೊಡಗಿದರು.

ಅದೇ ವರ್ಷಗಳಲ್ಲಿ ಇನ್ನೊಂದು ಕಾಳಗವೂ ನಡೆದಿತ್ತು. ಮದರಾಸ್ ವಿಧಾನ ಪರಿಷತ್ತಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ದೇವದಾಸಿ ಪದ್ಧತಿಯ ನಿರ್ಮೂಲನೆಗೆ 1927ರಲ್ಲಿ ನಿರ್ಣಯ ತಂದರು. ಅವರ ತಾಯಿಯೂ ಅದೇ ಕುಲದವರು. ನಾಗರತ್ನಮ್ಮ ಮತ್ತು ಸಂಗಡಿಗರು ಮದರಾಸ್ ಪ್ರಾಂತ್ಯದ ದೇವದಾಸಿಯರ ಸಂಘ ಕಟ್ಟಿ ಇದನ್ನು ವಿರೋಧಿಸಿದರು. ದೇವದಾಸಿಯೆಂದರೆ ವೇಶ್ಯೆಯಲ್ಲ, ಆಕೆ ದೇವರ ಸೇವಕಿ ಮತ್ತು ಕಲಾವಿದೆ, ಹೆಣ್ಣಿಗೆ ಆಸ್ತಿಯ ಹಕ್ಕು ಕೊಟ್ಟ ವ್ಯವಸ್ಥೆಯನ್ನು ಕಸಿದರೆ ಉಳಿಯುವುದು ಬಡತನ ಮತ್ತು ಕಳಂಕ ಮಾತ್ರ ಎಂಬುದು ಅವರ ವಾದದ ಸಾರ.

ಈ ವಿಷಯದಲ್ಲಿ ನಾಗರತ್ನಮ್ಮನವರ ಮಾತೆಲ್ಲವೂ ಸರಿ ಎನ್ನಲಾಗದು. ಏನೂ ಅರಿಯದ ಹುಡುಗಿಯರಿಗೆ ಗೆಜ್ಜೆಪೂಜೆ ಮಾಡಿ ಬದುಕನ್ನೇ ಒತ್ತೆ ಇಡುವ ಕ್ರೌರ್ಯ ಕಾಲ್ಪನಿಕವಾಗಿರಲಿಲ್ಲ. ಮುತ್ತುಲಕ್ಷ್ಮಿಯವರ ಸಿಟ್ಟಿಗೆ ಕಾರಣವಿತ್ತು. ಕರ್ನಾಟಕವೂ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆ ಮಾಡಬೇಕಾಯಿತು ಎಂಬುದನ್ನು ಮರೆಯುವಂತಿಲ್ಲ. ಆದರೆ ವಿದ್ಯೆಯಿಂದ ಬದುಕಿದ ಹೆಂಗಸರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಅವರ ಮಾತು ಕೇಳದೆ ಅವರ ಹಣೆಬರಹ ಬರೆಯಲು ಹೊರಟಾಗ, ಕೇಳಿಸಿಕೊಳ್ಳಿ ಎಂದು ನಾಗರತ್ನಮ್ಮ ಹಟ ಹಿಡಿದದ್ದರಲ್ಲಿ ನ್ಯಾಯವಿತ್ತು. ಮದರಾಸಿನಲ್ಲಿ ಕಾಯಿದೆ ಬಂದದ್ದು 1947ರಲ್ಲಿ.

ತಿರುವಯ್ಯಾರಿನ ಬಣಗಳನ್ನು ಒಂದುಗೂಡಿಸುವ ಪ್ರಯತ್ನ 1940ರ ಹೊತ್ತಿಗೆ ಫಲಿಸಿತು. ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಅವರಂಥ ವಿದ್ವಾಂಸರೂ, ಅಧಿಕಾರಿ ಎಸ್.ವೈ. ಕೃಷ್ಣಸ್ವಾಮಿಯವರೂ ಇದಕ್ಕಾಗಿ ಶ್ರಮಿಸಿದರು. 1941ರಿಂದ ಸ್ತ್ರೀಯರೂ ಪುರುಷರೊಂದಿಗೆ ಸಮಾಧಿಯ ಎದುರೇ ಕುಳಿತು ಹಾಡತೊಡಗಿದರು. ಹದಿನೈದು ವರ್ಷಗಳಷ್ಟು ಕಾಲ ಹಿಂಬದಿಯಲ್ಲಿ ಹಾಡಿದವರು ಕೊನೆಗೂ ಮುಂದಕ್ಕೆ ಬಂದರು. ಅಷ್ಟರಲ್ಲಿ ಸಭೆಗಳ ಚಿತ್ರವೂ ಬದಲಾಗಿತ್ತು. ಡಿ.ಕೆ. ಪಟ್ಟಮ್ಮಾಳ್ ಅವರಂಥ ಗೃಹಸ್ಥ ಮನೆತನದ ಗಾಯಕಿಯರು ವೇದಿಕೆ ಏರಿದ್ದರು, ಗಂಡಸರದೇ ಸ್ವತ್ತೆನಿಸಿದ್ದ ರಾಗ-ತಾನ-ಪಲ್ಲವಿಯನ್ನೂ ಹಾಡಿದ್ದರು. ಬಾಗಿಲು ತೆರೆದಿತ್ತು, ಆದರೆ ಅದನ್ನು ತಟ್ಟಿದ ಕುಲದ ಹೆಂಗಸರಲ್ಲಿ ಹಲವರು ಅಷ್ಟು ಹೊತ್ತಿಗೆ ಸದ್ದಿಲ್ಲದೆ ಮರೆಯಾಗತೊಡಗಿದ್ದರು.

ನಾಗರತ್ನಮ್ಮ ಬದುಕಿನ ಕೊನೆಯ ವರ್ಷಗಳನ್ನು ತಿರುವಯ್ಯಾರಿನಲ್ಲಿಯೇ ಸನ್ಯಾಸಿನಿಯಂತೆ ಕಳೆದರು. ತ್ಯಾಗರಾಜರ ಮೇಲೆ ಸಂಸ್ಕೃತದಲ್ಲಿ ಅಷ್ಟೋತ್ತರ ನಾಮಾವಳಿ ರಚಿಸಿದರು. ಅವರ ಶಿಷ್ಯೆ ಬನ್ನಿಬಾಯಿ ಮುಂದೆ ಹರಿಕಥೆಯಲ್ಲಿ ಹೆಸರು ಮಾಡಿದರು. 1949ರಲ್ಲಿ ಬರೆಸಿದ ಉಯಿಲಿನಲ್ಲಿ ನಾಗರತ್ನಮ್ಮ ತಮ್ಮ ಆಸ್ತಿಯನ್ನು ಸಮಾಧಿಯ ಪೂಜೆ, ಆರಾಧನೆಗಳಿಗೆಂದು ಟ್ರಸ್ಟಿಗೆ ಬಿಟ್ಟುಕೊಟ್ಟರು. ಜೊತೆಗೆ ಒಂದು ಷರತ್ತು ಹಾಕಿದರು. ದೇವದಾಸಿಯರೂ ಸೇರಿದಂತೆ ಸ್ತ್ರೀಯರಿಗೆ ಅಲ್ಲಿ ಪೂಜಿಸುವ, ಹಾಡುವ ಹಕ್ಕನ್ನು ಯಾರೂ ತಡೆಯಕೂಡದು. ಬಾಯಿಮಾತನ್ನು ನಂಬುವ ಕಾಲ ಅವರ ಪಾಲಿಗೆ ಎಂದೋ ಮುಗಿದಿತ್ತು.

1952ರ ಮೇ 19ರಂದು, 73ನೆಯ ವಯಸ್ಸಿನಲ್ಲಿ, ಅವರು ಕೊನೆಯುಸಿರೆಳೆದರು. ತ್ಯಾಗರಾಜರ ಸಮಾಧಿಗೆ ಸಮೀಪದಲ್ಲಿಯೇ ಅವರ ಸಮಾಧಿಯಿದೆ. ಕೈಮುಗಿದು ಕುಳಿತ ನಾಗರತ್ನಮ್ಮನವರ ಮೂರ್ತಿಯ ಮುಖ ತ್ಯಾಗರಾಜರ ಗುಡಿಯ ಕಡೆಗಿದೆ.

‘ರಾಧಿಕಾ ಸಾಂತ್ವನಮು’ ಕಾವ್ಯದ ಮೇಲಿನ ನಿಷೇಧವನ್ನು ಟಂಗುಟೂರಿ ಪ್ರಕಾಶಂ ಅವರ ಸರ್ಕಾರ ಸ್ವಾತಂತ್ರ್ಯದ ಹೊಸ್ತಿಲಲ್ಲಿ ತೆಗೆದುಹಾಕಿತು. ನಾಗರತ್ನಮ್ಮನವರು ಸಂಪಾದಿಸಿದ ಪೂರ್ಣ ಪಾಠವನ್ನು ವಾವಿಳ್ಳ ಸಂಸ್ಥೆ ಮತ್ತೆ ಅಚ್ಚು ಹಾಕಿಸಿದ್ದು 1952ರಲ್ಲಿ, ಅವರು ತೀರಿಕೊಂಡ ವರ್ಷವೇ.